ತೀರ್ಪಿನ ದಿನದ ಭಯ ನನಗೆ ಹೇಗೆ ಕಳೆಯಿತು

ಕೋಲಾರದ ಸುತ್ತಮುತ್ತಲ ಹಳ್ಳಿಗಳ ಉಜ್ಜೀವನ ಕೂಟಗಳಲ್ಲಿ ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯ 20ನೇ ಅಧ್ಯಾಯ ಕೇಳುತ್ತಾ ಬೆಳೆದವನು ನಾನು. ದೊಡ್ಡ ಸಿಂಹಾಸನ, ತೆರೆದ ಪುಸ್ತಕಗಳು, ಅವರವರ ಕೆಲಸಕ್ಕೆ ತಕ್ಕ ತೀರ್ಪು. ಭಾನುವಾರ ಚರ್ಚಿನಲ್ಲಿ ಎಲ್ಲರೂ ಸೇರಿ ಹೇಳುವ ವಿಶ್ವಾಸಪ್ರಮಾಣದಲ್ಲಿ ಕ್ರಿಸ್ತನು ನ್ಯಾಯತೀರಿಸಲು ಬರುವ ಸಾಲು ಬಂದಾಗಲೆಲ್ಲ ಎದೆ ಬಿಗಿಯಾಗುತ್ತಿತ್ತು.

ಈ ಭಯಕ್ಕೆ ನಾನು ಕಂಡುಕೊಂಡ ದಾರಿ, ಹೆದರಿಸುವ ವಚನಗಳನ್ನೇ ಹುಡುಕಿ ನಿಧಾನವಾಗಿ ಓದುವುದು. ಒಂದೇ ಪ್ರಶ್ನೆ ಇಟ್ಟುಕೊಂಡೆ: ತೀರ್ಪು ಕೊಡುವವನು ಯಾರು? ಯೋಹಾನ 5:22ರಲ್ಲಿ ಉತ್ತರವಿದೆ. ತಂದೆಯಾದ ದೇವರು ಆ ಕೆಲಸವನ್ನೆಲ್ಲ ಮಗನಾದ ಯೇಸುವಿಗೆ ಒಪ್ಪಿಸಿದ್ದಾನೆ. ಎರಡು ವಚನ ಮುಂದೆ ಹೋದರೆ, ತನ್ನ ಮಾತು ಕೇಳಿ ನಂಬಿದವನು ಆಗಲೇ ಮರಣದಿಂದ ಜೀವಕ್ಕೆ ದಾಟಿದ್ದಾನೆ ಅಂತ ಆ ಮಗನೇ ಹೇಳುತ್ತಾನೆ. ರೋಮಾಪುರದವರಿಗೆ ಬರೆದ ಪತ್ರದ 8ನೇ ಅಧ್ಯಾಯದಲ್ಲಿ ಅಪೊಸ್ತಲ ಪೌಲನೂ ಇದನ್ನೇ ಕೇಳುತ್ತಾನೆ. ನಮ್ಮನ್ನು ಅಪರಾಧಿ ಅನ್ನುವವರು ಯಾರು? ನಮಗಾಗಿ ಸತ್ತು ಎದ್ದ ಕ್ರಿಸ್ತನು ದೇವರ ಬಲಗಡೆ ನಮ್ಮ ಪರವಾಗಿ ಬೇಡುತ್ತಿದ್ದಾನಲ್ಲ! ಊರ ಕೋರ್ಟಿನಲ್ಲಿ ವಕೀಲ ಬೇರೆ, ಜಡ್ಜು ಬೇರೆ. ಇಲ್ಲಿ ನನಗಾಗಿ ಪ್ರಾಣ ಕೊಟ್ಟವನೇ ಎರಡೂ ಆಗಿದ್ದಾನೆ. ಇದು ಮನಸ್ಸಿಗೆ ಇಳಿದ ಮೇಲೆ ನನ್ನ ಪ್ರಾರ್ಥನೆಯ ದನಿಯೇ ಬದಲಾಯಿತು.

ಹಾಗಂತ ಹೇಗೆ ಬೇಕಾದರೂ ಬದುಕಬಹುದು ಅಂತಲ್ಲ. ನಮ್ಮ ಕೆಲಸ ಬೆಂಕಿಯಲ್ಲಿ ಪರೀಕ್ಷೆಯಾಗುತ್ತದೆ ಎಂದು 1 ಕೊರಿಂಥ 3 ಹೇಳುತ್ತದೆ. ಅದಕ್ಕೇ ಮಲಗುವ ಮೊದಲು 130ನೇ ಕೀರ್ತನೆ ಓದಿ, ಆ ದಿನದ ಪಾಪಗಳನ್ನು ಹೆಸರು ಹಿಡಿದು ಅರಿಕೆ ಮಾಡುತ್ತೇನೆ. ಸುಮ್ನೆ 'ಎಲ್ಲಾ ಕ್ಷಮಿಸು ಸ್ವಾಮಿ' ಅನ್ನುವುದಿಲ್ಲ. ರೋಗಿಗಳನ್ನು ನೋಡಲು ಹೋದರೆ ತನ್ನನ್ನೇ ನೋಡಿದಂತೆ ಎಂದು ಯೇಸು ಹೇಳುವ ಮತ್ತಾಯ 25 ಓದಿದ ಮೇಲೆ ಆಸ್ಪತ್ರೆಗೆ ಹೋಗಿ ರೋಗಿಗಳ ಜೊತೆ ಕೂರುವ ಅಭ್ಯಾಸವೂ ಆಯಿತು. ಅಲ್ಲಿ ಒಬ್ಬ ಅಜ್ಜಿ ನನ್ನ ಕೈ ಹಿಡಿದು, "ದೇವರಿಗೇಂತ ನಾನೇನೂ ಮಾಡ್ಲಿಲ್ಲಪ್ಪ, ಯಾವ ಮುಖ ಇಟ್ಕೊಂಡು ಹೋಗ್ಲಿ?" ಅಂದರು. ಲೂಕ 23 ತೆಗೆದು ಯೇಸುವಿನ ಪಕ್ಕದ ಶಿಲುಬೆಯ ಮೇಲಿದ್ದ ಕಳ್ಳನ ಮಾತು ಓದಿದೆ. ಅವನು ದೀಕ್ಷಾಸ್ನಾನ ಪಡೆದ, ಕಾಣಿಕೆ ಹಾಕಿದ ಮಾತೇ ಅಲ್ಲಿಲ್ಲ. ನನ್ನನ್ನು ನೆನಪು ಮಾಡಿಕೋ ಅಂದ, ಅಷ್ಟೇ. ಈ ದಿನವೇ ನನ್ನ ಜೊತೆ ಪರದೈಸಿನಲ್ಲಿರುವೆ ಅಂತ ಯೇಸು ಮಾತು ಕೊಟ್ಟ. ಅಜ್ಜಿ ಇನ್ನೊಂದು ಸಲ ಓದಿಸಿದರು.

ನನಗೆ ಜಾಸ್ತಿ ಕಷ್ಟವಾಗಿದ್ದು ಬೇರೆ ವಿಷಯ. ನಾವು ಟೊಮೆಟೊ ಬೆಳೆಯುವವರು. ಒಬ್ಬ ಮಂಡಿಯವರು ಒಂದು ಬೆಳೆಯ ದುಡ್ಡು ಕೊಡದೆ ಸತಾಯಿಸಿದರು. 15 ಕೆಜಿ ಬಾಕ್ಸುಗಳ ಲೆಕ್ಕದ ಚೀಟಿ ಹಿಡಿದು ಅಲೆದಾಡುವಾಗ ಒಳಗೇ ಕುದಿಯುತ್ತಿದ್ದೆ. ಆಗ ಕೀರ್ತನೆ 98 ಬೇರೆ ಥರ ಕೇಳಿಸಿತು. ಅಲ್ಲಿ ಕರ್ತನು ನ್ಯಾಯತೀರಿಸಲು ಬರುತ್ತಾನೆಂದು ನದಿಗಳು ಚಪ್ಪಾಳೆ ಹೊಡೆಯುತ್ತವೆ, ಬೆಟ್ಟಗಳು ಹಾಡುತ್ತವೆ. ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ. ಅಂತರಗಂಗೆ ಬೆಟ್ಟ ನೋಡಿದಾಗ ಆ ಸಾಲು ನೆನಪಾಗುತ್ತದೆ. ಅನ್ಯಾಯಕ್ಕೆ ಒಳಗಾದವರಿಗೆ ತೀರ್ಪು ಒಳ್ಳೆಯ ಸುದ್ದಿ. ಯಾವ ಮೋಸವೂ ಲೆಕ್ಕ ತಪ್ಪುವುದಿಲ್ಲ, ಸೇಡು ನನ್ನ ಕೆಲಸವಲ್ಲ.

ಬಾಕಿ ಕೇಳುವುದನ್ನು ನಾನು ಬಿಟ್ಟಿಲ್ಲ. ಮೊನ್ನೆಯೂ ಚೀಟಿ ತೋರಿಸಿ ಕೇಳಿ ಬಂದೆ. ಆದರೆ ಅವರ ಹೆಸರು ಈಗ ನನ್ನ ಪ್ರಾರ್ಥನೆಯಲ್ಲಿದೆ. ಅವರೂ ಅದೇ ಸಿಂಹಾಸನದ ಮುಂದೆ ನಿಲ್ಲಬೇಕು. ಅವರು ಅಲ್ಲಿ ನಾಶವಾಗಬಾರದು, ನನ್ನ ಹಾಗೇ ಕೃಪೆ ಕಾಣಬೇಕು ಅಂತ ಬೇಡುತ್ತೇನೆ.