ಹೊಸ ಸೆಲ್ ಹಾಕಿದರೂ ಎರಡೆರಡು ಸೆಕೆಂಡ್ ಜಿಗಿಯುತ್ತಿದ್ದ ಹಳೆ ಕ್ವಾರ್ಟ್ಜ್ ವಾಚ್

ಹಳೆ ಸ್ಟೀಲ್ ವಾಚ್. ಸೆಕೆಂಡ್ ಮುಳ್ಳು ಒಂದೊಂದೇ ಹೆಜ್ಜೆ ಇಡುತ್ತಿರಲಿಲ್ಲ. ಸುಮ್ಮನೆ ನಿಂತು, ಆಮೇಲೆ ಎರಡು ಗೆರೆ ಒಟ್ಟಿಗೆ ಜಿಗಿಯುತ್ತಿತ್ತು. ಟೈಮ್ ಮಾತ್ರ ಸರಿಯಾಗಿತ್ತು. ಸೆಲ್ ಮುಗಿಯುತ್ತಾ ಬಂದಾಗ ಹಲವು ಕ್ವಾರ್ಟ್ಜ್ ವಾಚ್‌ಗಳು ಹೀಗೆ ಸೂಚನೆ ಕೊಡುತ್ತವೆ. ಆದರೆ ಹೊಸ ಸೆಲ್ ಹಾಕಿದ ಕೆಲವೇ ವಾರಕ್ಕೆ ಮತ್ತೆ ಅದೇ ಕಥೆ.

ಅದೇ ಪ್ಯಾಕೆಟ್ಟಿನ ಇನ್ನೊಂದು ಸೆಲ್ ಹಾಕಿದೆ, ಆಗಲಿಲ್ಲ. ಕೀಲಿ ಹೊರಗೆಳೆದು ರಾತ್ರಿಯಿಡೀ ಬಿಟ್ಟೆ, ಅದೂ ಆಗಲಿಲ್ಲ. ಡಿಮ್ಯಾಗ್ನೆಟೈಸ್ ಮಾಡಿದ್ದಂತೂ, ಅಂದರೆ ವಾಚಿಗೆ ಹಿಡಿದ ಅಯಸ್ಕಾಂತೀಯತೆ ತೆಗೆದದ್ದಂತೂ, ಸುಮ್ನೆ ದಂಡ.

ತಪ್ಪು ಸೆಲ್‌ನಲ್ಲೇ ಇತ್ತು. ಅದರ ಬೆನ್ನ ಮೇಲೆ ಎಲ್‌ಆರ್626 ಅಂತಿತ್ತು. ಬೇಕಿದ್ದದ್ದು ಎಸ್‌ಆರ್626ಎಸ್‌ಡಬ್ಲ್ಯೂ, ಅದಕ್ಕೇ 377 ಅಂತಲೂ ನಂಬರ್ ಇದೆ. ಅಳತೆ ಒಂದೇ, ಹಾಗಾಗಿ ಸಲೀಸಾಗಿ ಕೂರುತ್ತದೆ. ಎಲ್‌ಆರ್ ಅಂದರೆ ಆಲ್ಕಲೈನ್, ಅದರ ವೋಲ್ಟೇಜ್ ಬಳಸಿದಂತೆ ಇಳಿಯುತ್ತಾ ಹೋಗುತ್ತದೆ, ಹಾಗಾಗಿ ಸೆಲ್ ಮುಗಿಯುತ್ತಾ ಬಂತು ಅಂದುಕೊಂಡು ವಾಚ್ ಬೇಗನೆ ಜಿಗಿಯತೊಡಗುತ್ತದೆ. ಎಸ್‌ಆರ್ ಸಿಲ್ವರ್ ಆಕ್ಸೈಡ್, ಹೆಚ್ಚುಕಡಿಮೆ ಕೊನೆತನಕ 1.55 ವೋಲ್ಟ್ ಸುತ್ತಮುತ್ತಲೇ ನಿಲ್ಲುತ್ತದೆ.

ಮಾಡಿದ ಕ್ರಮ: ಹಿಂದಿನ ಮುಚ್ಚಳ ತೆಗೆದು, ಪ್ಲಾಸ್ಟಿಕ್ ಚಿಮುಟದಲ್ಲಿ ಸೆಲ್ ಎತ್ತಿದೆ. ಕೆಳಗಿನ ಮೈನಸ್ ಪಟ್ಟಿಯ ತುದಿಯಲ್ಲಿ ಹಸಿರು ಕಿಲುಬು, ಸಾಸಿವೆಯಷ್ಟೂ ಇಲ್ಲ. ಹಲ್ಲುಕಡ್ಡಿಯ ತುದಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಮುಟ್ಟಿಸಿ ಉಜ್ಜಿದೆ. ತೊಟ್ಟಿಕ್ಕುವಷ್ಟು ಬೇಡ, ಪಕ್ಕದಲ್ಲೇ ಕಾಯಿಲ್, ಅಂದರೆ ಮುಳ್ಳು ಓಡಿಸುವ ತಂತಿಸುರುಳಿ ಇರುತ್ತದೆ. ಅದರ ತಂತಿ ಕೂದಲಿಗಿಂತ ಸಣ್ಣ, ಕಡ್ಡಿ ತಾಗಿದರೆ ವಾಚ್ ಮುಗೀತು ಅಂತಲೇ. ಹತ್ತು ನಿಮಿಷ ಒಣಗಲು ಬಿಟ್ಟು, ಮೀಟರಿನಲ್ಲಿ 1.55 ತೋರಿಸಿದ 377 ಕೂರಿಸಿದೆ. ಸೆಲ್ಲನ್ನು ಬರಿಗೈಯಲ್ಲಿ ಮುಟ್ಟಲಿಲ್ಲ. ಗ್ಯಾಸ್ಕೆಟ್‌ಗೆ, ಅಂದರೆ ಮುಚ್ಚಳದ ರಬ್ಬರ್ ಬಳೆಗೆ, ಚೂರು ಸಿಲಿಕೋನ್ ಗ್ರೀಸ್ ಸವರಿ ಮುಚ್ಚಿದೆ.

ಮುಳ್ಳು ಈಗ ಸೆಕೆಂಡಿಗೊಂದೇ ಹೆಜ್ಜೆ. ಎಂಟು ತಿಂಗಳಾಯಿತು, ಮತ್ತೆ ಜಿಗಿದಿಲ್ಲ.