ಜಕ್ಕೂರಿನಿಂದ ಜಕ್ಕೂರಿಗೆ, ಪೂರ್ವದ ದಾರಿಯಲ್ಲಿ

ಸಿಮ್ಯುಲೇಟರ್‌ನಲ್ಲಿ (ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಆಟ) ಬೆಂಗಳೂರಿನ ಜಕ್ಕೂರು ವಿಮಾನ ನಿಲ್ದಾಣದಿಂದ ಹೊರಟು ಭೂಮಿ ಸುತ್ತಿ ಬರಲು ನನಗೆ ಹದಿನಾಲ್ಕು ತಿಂಗಳು ಹಿಡಿಯಿತು. 58 ಹಾರಾಟ, ಹೆಚ್ಚುಕಮ್ಮಿ 160 ಗಂಟೆ. ವಿಮಾನ ಒಂದೇ ಎಂಜಿನ್ನಿನ ಪುಟ್ಟ ಸೆಸ್ನಾ 172, ಸಾಫ್ಟ್‌ವೇರ್ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ 2020. ಒಂದು ಜಾಯ್‌ಸ್ಟಿಕ್ ಬಿಟ್ಟು ಬೇರೇನೂ ಕೊಳ್ಳಲಿಲ್ಲ. ಯುಪಿಎಸ್ ಕೊಂಡಿದ್ದು ಆಮೇಲೆ, ಪೆಟ್ಟು ತಿಂದ ಮೇಲೆ.

ಹೊರಡುವಾಗಲೇ ಮೂರು ಕಟ್ಟುಪಾಡು ಹಾಕಿಕೊಂಡೆ. ಹಾರುವ ಜಾಗದಲ್ಲಿ ಈಗ ನಿಜವಾಗಿ ಇರುವ ಹವಾಮಾನವೇ ಇರಬೇಕು. ಅಲ್ಲಿನ ಈಗಿನ ಸಮಯವೇ ಇರಬೇಕು. ಕಾಲವನ್ನು ಓಡಿಸಬಾರದು. ಮೂರನೆಯದೇ ಕಷ್ಟ. ಮೂರು ಗಂಟೆ ಬರೀ ನೀರು ನೋಡುತ್ತಾ ಕೂರಬೇಕು. ಆಟೋಪೈಲಟ್ ಹಾಕಿ ಪಾತ್ರೆ ತೊಳೆದು ಬಂದದ್ದೂ ಉಂಟು, ಸುಳ್ಳು ಯಾಕೆ ಹೇಳಲಿ.

172 ಟ್ಯಾಂಕ್ ತುಂಬಿಸಿದರೆ ಸುಮಾರು 640 ನಾಟಿಕಲ್ ಮೈಲಿ ಹೋಗುತ್ತದೆ (ಒಂದು ನಾಟಿಕಲ್ ಮೈಲಿ ಅಂದರೆ 1.85 ಕಿ.ಮೀ.; ಇಲ್ಲಿನ ಮೈಲಿಗಳೆಲ್ಲ ಅವೇ). ಎದುರುಗಾಳಿಗೆ ಹೆದರಿ ನಾನು 500 ದಾಟುತ್ತಿರಲಿಲ್ಲ. ಹಾಗಾಗಿ ಪೆಸಿಫಿಕ್ ನಡುವಿನಿಂದ ಹೋಗುವ ಮಾತೇ ಇಲ್ಲ, ಹವಾಯಿಯಿಂದ ಕ್ಯಾಲಿಫೋರ್ನಿಯಾಕ್ಕೇ 2,000ಕ್ಕಿಂತ ಜಾಸ್ತಿ. ಉಚಿತವಾಗಿ ಸಿಗುವ ಹಾರಾಟದ ನಕ್ಷೆಯ ಸಾಫ್ಟ್‌ವೇರ್ ಲಿಟಲ್ ನ್ಯಾವ್‌ಮ್ಯಾಪ್‌ನಲ್ಲಿ ಗೆರೆ ಎಳೆಯುತ್ತಾ ಹೋದರೆ ದಾರಿ ತಾನಾಗಿಯೇ ಉತ್ತರಕ್ಕೆ ತಿರುಗಿತು: ಜಪಾನ್, ಸಖಾಲಿನ್, ಮಗದಾನ್, ಅನಾದಿರ್, ಅಲಾಸ್ಕಾ, ಕೆನಡಾ, ಗ್ರೀನ್‌ಲ್ಯಾಂಡ್, ಐಸ್‌ಲ್ಯಾಂಡ್. ಪೂರ್ವಕ್ಕೇ ಹೊರಟಿದ್ದು ಯಾಕೆಂದರೆ ಅಷ್ಟು ಉತ್ತರದ ಅಕ್ಷಾಂಶಗಳಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಬೀಸುತ್ತದೆ.

ಅಂತರರಾಷ್ಟ್ರೀಯ ವಾಯುಕ್ರೀಡಾ ಸಂಸ್ಥೆ ಎಫ್‌ಎಐ ಲೆಕ್ಕದಲ್ಲಿ ಭೂಪ್ರದಕ್ಷಿಣೆ ಅನ್ನಿಸಿಕೊಳ್ಳಲು ಕನಿಷ್ಠ 36,787 ಕಿ.ಮೀ. ಹಾರಬೇಕು. ನನ್ನದು 34,000 ಆಸುಪಾಸು. ಇರಲಿ, ಯಾರೂ ಪದಕ ಕೊಡುವುದಿಲ್ಲವಲ್ಲ.

ಸಮಯದ ಕಟ್ಟುಪಾಡು ನನ್ನ ದಿನಚರಿಯನ್ನೇ ಬದಲಿಸಿತು. ನಮ್ಮ ರಾತ್ರಿ ಹತ್ತಕ್ಕೆ ಜಪಾನಿನಲ್ಲಿ ಒಂದೂವರೆ, ಕಗ್ಗತ್ತಲು. ಅದಕ್ಕೇ ಏಷ್ಯಾ ಮುಗಿಯುವವರೆಗೂ ಬೆಳಗಿನ ಜಾವ ಐದಕ್ಕೆ ಎದ್ದು ಹಾರಿಸಿದೆ. ಅಮೆರಿಕ ಖಂಡಕ್ಕೆ ಕಾಲಿಟ್ಟ ಮೇಲೆ ಪಾಳಿ ಬದಲು, ನಮ್ಮ ರಾತ್ರಿ ಅವರ ಹಗಲು. ಶನಿವಾರ ರಷ್ಯಾದ ಅನಾದಿರ್ ಬಿಟ್ಟು, ಅಂತರರಾಷ್ಟ್ರೀಯ ದಿನರೇಖೆ ದಾಟಿ ಅಲಾಸ್ಕಾದ ನೋಮ್‌ನಲ್ಲಿ ಇಳಿದಾಗ ಅಲ್ಲಿ ಶುಕ್ರವಾರ ಸಂಜೆ. ಅಮ್ಮನಿಗೆ ಹೇಳಿದೆ. "ಹಾಗಾದ್ರೆ ಶನಿವಾರದ ಒಪ್ಪತ್ತು ಎರಡು ಸಲ ಮಾಡ್ಬೇಕಲ್ಲೋ!" ಅಂದರು.

ಇಕಾಲುಯಿಟ್‌ನಿಂದ (ಕೆನಡಾದ ಉತ್ತರದ ಊರು) ಗ್ರೀನ್‌ಲ್ಯಾಂಡ್‌ನ ನೂಕ್‌ಗೆ ಸುಮಾರು 440 ಮೈಲಿ ಸಮುದ್ರ. ಆಕಾಶ ತಿಳಿಯಾಗಿತ್ತು. ಕಿಟಕಿಯಾಚೆ ಬೆಂಗಳೂರಿನ ಮೇ ತಿಂಗಳ ಗುಡುಗು ಮಳೆ. ಮೂರು ಗಂಟೆ ಕಳೆದ ಮೇಲೆ ಕರೆಂಟ್ ಹೋಯಿತು! ವಿಮಾನ, ಸಮುದ್ರ, ಎಲ್ಲ ಕಪ್ಪು. ಮರುದಿನ ಇಕಾಲುಯಿಟ್‌ನಿಂದಲೇ ಮತ್ತೆ ಶುರು. ಅದೇ ವಾರ ಯುಪಿಎಸ್ ಬಂತು.

ನೂಕ್‌ನಿಂದ ಗ್ರೀನ್‌ಲ್ಯಾಂಡ್‌ನ ಪೂರ್ವ ಕರಾವಳಿಯ ಕುಲುಸುಕ್‌ಗೆ ಹಿಮದ ಹಾಸಿನ ಮೇಲೆ 380 ಮೈಲಿ. 11,000 ಅಡಿಯಲ್ಲಿ ಮೋಡದೊಳಗೆ ಹೊಕ್ಕೆ. ಮೇಲೆ ಬಿಳಿ, ಕೆಳಗೆ ಬಿಳಿ. ಇದ್ದಕ್ಕಿದ್ದಂತೆ ವೇಗದ ಅಂಕಿ 110ರಿಂದ 80ಕ್ಕೆ, ಆಮೇಲೆ 40ಕ್ಕೆ ಇಳಿಯಿತು. ಸ್ಟಾಲ್ ಆಗುತ್ತಿದೆ, ಅಂದರೆ ವೇಗ ಸಾಲದೆ ರೆಕ್ಕೆ ವಿಮಾನವನ್ನು ಎತ್ತಿ ಹಿಡಿಯಲಾರದು ಎಂದು ಗಾಬರಿಯಾಗಿ ಮೂತಿ ಕೆಳಗೆ ಒತ್ತಿದೆ. ಸಾವಿರ ಅಡಿ ಕಳೆದುಕೊಂಡ ಮೇಲೆ ಬುದ್ಧಿ ಬಂತು: ಜಿಪಿಎಸ್ ತೋರಿಸುವ ನೆಲದ ವೇಗ ಕಮ್ಮಿ ಆಗಿಯೇ ಇಲ್ಲ, ಎಂಜಿನ್ ಸದ್ದೂ ಸರಿಯಾಗಿದೆ. ರೆಕ್ಕೆಯ ಕೆಳಗಿನ ಪಿಟಾಟ್ ಕೊಳವೆ ಎದುರಿನಿಂದ ನುಗ್ಗುವ ಗಾಳಿಯ ಒತ್ತಡದಿಂದ ವೇಗ ಅಳೆಯುತ್ತದೆ. ಅದರ ಬಾಯಿಗೆ ಮಂಜುಗಡ್ಡೆ ಕಟ್ಟಿತ್ತು. ಪಿಟಾಟ್ ಹೀಟ್ ಸ್ವಿಚ್ ಹಾಕಿದೆ. ಅಂಕಿ ನಿಧಾನಕ್ಕೆ ವಾಪಸ್ ಬಂತು. ಮೋಡಕ್ಕೆ ನುಗ್ಗುವ ಮೊದಲೇ ಅದನ್ನು ಹಾಕಬೇಕೆಂದು ಚೆಕ್‌ಲಿಸ್ಟ್‌ನಲ್ಲೇ ಇದೆ. ನಾನು ಓದಿರಲಿಲ್ಲ, ಸುಮ್ನೆ ಟಿಕ್ ಹಾಕಿದ್ದೆ. ಕುಲುಸುಕ್‌ನ 1,200 ಮೀಟರ್ ಜಲ್ಲಿಕಲ್ಲಿನ ರನ್‌ವೇಯಲ್ಲಿ ಇಳಿದಾಗ ಅಂಗೈ ಬೆವೆತಿತ್ತು.

2019ರಲ್ಲಿ ಮುಂಬೈನ ಪೈಲಟ್ ಆರೋಹಿ ಪಂಡಿತ್ ಇದಕ್ಕಿಂತ ಹಗುರವಾದ ವಿಮಾನದಲ್ಲಿ, ಒಬ್ಬರೇ, ಸ್ಕಾಟ್ಲೆಂಡ್‌ನಿಂದ ಐಸ್‌ಲ್ಯಾಂಡ್, ಗ್ರೀನ್‌ಲ್ಯಾಂಡ್ ಮೂಲಕ ಇಕಾಲುಯಿಟ್‌ಗೆ ಹಾರಿದ್ದರು. ನಿಜವಾಗಿ. ಅದೂ ನನ್ನದಕ್ಕೆ ಎದುರು ದಿಕ್ಕಿನಲ್ಲಿ. ಆ ರಾತ್ರಿಯಾದ ಮೇಲೆ ಆ ಸುದ್ದಿಯನ್ನು ಮತ್ತೆ ಹುಡುಕಿ ಓದಿದೆ.

ಯುರೋಪ್, ಟರ್ಕಿ, ಕೊಲ್ಲಿ ದೇಶಗಳು ಬೇಗ ಮುಗಿದವು. ಅಲ್ಲಿ ಹತ್ತಿರದಲ್ಲೇ ಏರ್‌ಪೋರ್ಟ್‌ಗಳು, ಭಯವೂ ಇಲ್ಲ, ಮಜವೂ ಕಮ್ಮಿ. ಕೊನೆಯ ಹಾರಾಟ ಮಂಗಳೂರಿನಿಂದ. ಘಟ್ಟ ಹತ್ತಿ, ಹಾಸನ ದಾಟಿ ಜಕ್ಕೂರು ಕಂಡಾಗ ಅಮ್ಮನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡೆ. ವೇಗ ಜಾಸ್ತಿ ಇತ್ತು. ಚಕ್ರ ನೆಲ ಮುಟ್ಟಿದ್ದೇ ವಿಮಾನ ಪುಟಿಯಿತು, ಮತ್ತೊಂದು ಸಲ ಪುಟಿದು ರನ್‌ವೇ ಅಂಚಿನ ಹುಲ್ಲಿಗೆ ಹೋಗಿ ನಿಂತಿತು.

"ಊರೆಲ್ಲಾ ಸುತ್ತಿ ಬಂದು ಮನೆ ಹೊಸಿಲಲ್ಲೇ ಎಡವಿದ್ಯಲ್ಲೋ," ಅಂದು ಅಮ್ಮ ಒಳಗೆ ಎದ್ದು ಹೋದರು.