ಹೊಸ ಬ್ಯಾಟ್ರಿ ತಂದಿರಾ? ಮೊದಲು ಅಡಿಕೆ ಮರ ಎಣಿಸಿ

ನಮ್ಮ ತೀರ್ಥಹಳ್ಳಿ ಕಡೆ ಟಾರ್ಚಿಗೆ ಬ್ಯಾಟ್ರಿ ಅಂತಲೇ ಹೆಸರು. ಒಳಗೆ ಹಾಕುವುದು ಸೆಲ್. ಮನೆಯಲ್ಲಿ ಮೂರು ಸೆಲ್ಲಿನ ಬ್ಯಾಟ್ರಿ ಇದೆ ಅಂದರೆ ಒಂದು ಕಾಲಕ್ಕೆ ಅದೇ ಗತ್ತು. ಈಗ ಆ ಗೋಜಿಲ್ಲ, ಮೊಬೈಲ್ ಚಾರ್ಜರಿಗೆ ಸಿಕ್ಕಿಸಿದರಾಯಿತು. ಮುಂದೆ ದೂರಕ್ಕೆ ಹೊಡೆಯುವ ದೀಪ, ಪಕ್ಕದಲ್ಲಿ ಉದ್ದಕ್ಕೆ ಹಳದಿ ಪಟ್ಟಿಯಂಥ ಇನ್ನೊಂದು ದೀಪ.

ಹೋದ ಮಳೆಗಾಲದಲ್ಲಿ ನಾನೂ ಒಂದು ತರಿಸಿದೆ. ಡಬ್ಬಿಯ ಮೇಲೆ 9,000 ಲುಮೆನ್ ಅಂತ ಬರೆದಿತ್ತು. ಲುಮೆನ್ ಅಂದರೆ ದೀಪ ಚೆಲ್ಲುವ ಒಟ್ಟು ಬೆಳಕಿನ ಅಳತೆ. ಬಂದ ದಿನ ರಾತ್ರಿಯೇ ಅಬ್ಬಿ ನೀರಿನ ಪೈಪು ಕಿತ್ತುಹೋಯಿತು. ಬ್ಯಾಟ್ರಿ ಹಿಡಿದು ಸಂಕ ದಾಟಿ ಗುಡ್ಡ ಹತ್ತಿದೆ. ಐದು ನಿಮಿಷಕ್ಕೆ ಬೆಳಕು ಅರ್ಧಕ್ಕೆ ಇಳಿಯಿತು. ಅರ್ಧ ಗಂಟೆಗೆ ಕೆಂಪು ಚುಕ್ಕಿ ಮಿಣುಕಿ ಆರಿಯೇ ಹೋಯಿತು. ಮೊಬೈಲ್ ಬೆಳಕಿನಲ್ಲಿ ಮನೆ ಸೇರಿ ನೋಡಿದರೆ ಕಾಲಿಗೆ ಹನ್ನೊಂದು ಉಂಬಳ. ಅದಕ್ಕೇ ಈ ವರ್ಷ ತಂದ ಬ್ಯಾಟ್ರಿಯನ್ನು ಮೂರು ರಾತ್ರಿ ಮನೆಯ ಸುತ್ತಲೇ ಪರೀಕ್ಷೆ ಮಾಡಿ, ಆಮೇಲೆ ನಂಬಿದೆ. ಹೇಗೆ ಅಂತ ಹೇಳುತ್ತೇನೆ.

ಮೊದಲು ಡಬ್ಬಿ ಓದಿ

ಹಿಂದಿನ ಮುಚ್ಚಳ ಬಿಚ್ಚಿದರೆ ಸೆಲ್ ಹೊರಗೆ ಬರುತ್ತದಾ ನೋಡಿ. ಬಂದರೆ ಒಳ್ಳೆಯದು, ಹಳತಾದಾಗ ಸೆಲ್ ಮಾತ್ರ ಬದಲಿಸಬಹುದು. ಅದರ ಮೇಲೆ 18650 ಅಂತ ಇದ್ದರೆ 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ ಅಂತ ಅರ್ಥ. ಸೆಲ್ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವುದನ್ನು ಎಂಎಎಚ್‌ನಲ್ಲಿ ಹೇಳುತ್ತಾರೆ. ಈ ಅಳತೆಯ ಒಳ್ಳೆ ಸೆಲ್ಲಿನಲ್ಲಿ ಹಿಡಿಯುವುದೇ ಸುಮಾರು 3,500 ಎಂಎಎಚ್. ಅದರ ಮೇಲೆ 9,900 ಅಂತ ಅಚ್ಚು ಹಾಕಿದ್ದರೆ ಮುಂದಿನದನ್ನು ಓದುವ ಕಷ್ಟ ಬೇಡ. ಹಾಗೆ ಬರೆದವರು ಲುಮೆನ್ನಿನಲ್ಲಿ ನಿಜ ಹೇಳುತ್ತಾರಾ?

ಲೆಕ್ಕ ಸುಲಭ. 2,600 ಎಂಎಎಚ್ ಸೆಲ್ ಅಂದರೆ 2.6 ಆಂಪಿಯರ್-ಗಂಟೆ. ಅದನ್ನು ಇಂಥ ಸೆಲ್ಲಿನ 3.6 ವೋಲ್ಟಿನಿಂದ ಗುಣಿಸಿ, ಸುಮಾರು ಒಂಬತ್ತು ವಾಟ್-ಗಂಟೆ. ದೀಪ ಮೂರು ವಾಟ್ ತಿಂದರೆ ಮೂರು ಗಂಟೆ, ಹತ್ತು ವಾಟ್ ತಿಂದರೆ ಒಂದು ಗಂಟೆಯೂ ಇಲ್ಲ. ಜಾಸ್ತಿ ಬೆಳಕೂ ಬೇಕು, ರಾತ್ರಿಯಿಡೀ ಉರಿಯಲೂ ಬೇಕು ಅಂದರೆ ಆಗುವ ಮಾತಲ್ಲ.

ಚಾರ್ಜ್

ಮೊದಲ ಸಲ ಕಣ್ಣೆದುರಿಗೇ ಪೂರ್ತಿ ಚಾರ್ಜ್ ಮಾಡಿ. ಆಗಾಗ ಮುಟ್ಟಿ ನೋಡಿ. ಬೆಚ್ಚಗಾದರೆ ಸರಿ, ಮುಟ್ಟಲಾಗದಷ್ಟು ಬಿಸಿಯಾದರೆ ಕಿತ್ತು ಅಂಗಡಿಗೆ ವಾಪಸ್ ಕೊಡಿ. ಹಾಸಿಗೆ, ದಿಂಬಿನ ಮೇಲಂತೂ ಇಡಲೇಬೇಡಿ. ಎರಡೂ ತುದಿಯಲ್ಲಿ ಟೈಪ್-ಸಿ ಇರುವ ಕೇಬಲ್ ಹಾಕಿದರೆ ಕೆಲವು ಅಗ್ಗದ ಬ್ಯಾಟ್ರಿಗಳು ಚಾರ್ಜೇ ಆಗುವುದಿಲ್ಲ. ಹಾಳಾಗಿದೆ ಅಂತ ಗಾಬರಿ ಬೇಡ. ಒಂದು ತುದಿ ಹಳೇ ಅಗಲದ ಯುಎಸ್‌ಬಿ ಇರುವ ಕೇಬಲ್ ಹಾಕಿ ನೋಡಿ.

ದೂರದ ದೀಪಕ್ಕೆ ತೋಟವೇ ಅಳತೆಗೋಲು

ಡಬ್ಬಿಯಲ್ಲಿ 300 ಮೀಟರ್ ಅಂತ ಇರುತ್ತದೆ. ಎಫ್‌ಎಲ್1 ಅನ್ನುವ ಅಳತೆ ಪದ್ಧತಿಯ ಪ್ರಕಾರ, ಬೆಳಕು ಕಾಲು ಲಕ್ಸಿಗೆ ಇಳಿಯುವ ಜಾಗದವರೆಗಿನ ದೂರ ಅದು. ಲಕ್ಸ್ ಅಂದರೆ ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆ. ಕಾಲು ಲಕ್ಸ್ ಅಂದರೆ ಹೆಚ್ಚುಕಡಿಮೆ ಹುಣ್ಣಿಮೆ ಬೆಳದಿಂಗಳು. ಆ ಬೆಳಕಿನಲ್ಲಿ ಅಲ್ಲೇನೋ ಇದೆ ಅಂತ ಗೊತ್ತಾಗುತ್ತದೆ, ಹಂದಿಯೋ ಕಲ್ಲೋ ಅಂತ ಗೊತ್ತಾಗುವುದಿಲ್ಲ. ಅರ್ಧ ದೂರದಲ್ಲಿ ಬೆಳಕು ನಾಲ್ಕು ಪಟ್ಟು. ಹಾಗಾಗಿ ಡಬ್ಬಿಯ ದೂರದಲ್ಲಿ ಅರ್ಧ ಮಾತ್ರ ನಮ್ಮದು ಅಂತ ನಾನು ಲೆಕ್ಕ ಇಡುತ್ತೇನೆ.

ಅಳೆಯಲು ಟೇಪ್ ಬೇಡ. ಸಾಲಿನಲ್ಲಿ ನೆಟ್ಟ ಅಡಿಕೆ ತೋಟದಲ್ಲಿ ಮರದಿಂದ ಮರಕ್ಕೆ ಸಾಮಾನ್ಯವಾಗಿ ಒಂಬತ್ತು ಅಡಿ, ಅಂದರೆ 2.7 ಮೀಟರ್. 37 ಅಂತರ ಎಣಿಸಿದರೆ ನೂರು ಮೀಟರ್ ಆಯಿತು. ಹಗಲು ಹೋಗಿ ಹತ್ತನೇ, ಇಪ್ಪತ್ತನೇ, ಮೂವತ್ತನೇ ಮರಕ್ಕೆ ಬಟ್ಟೆ ಚೂರು ಕಟ್ಟಿ ಬನ್ನಿ. ಬಿಳಿ ಬಟ್ಟೆ ಬೇಡ, ಅದು ಎಲ್ಲ ಬೆಳಕಿಗೂ ಹೊಳೆಯುತ್ತದೆ. ಹಳೇ ಕಂದು ಲುಂಗಿಯದ್ದು ಸಾಕು. ರಾತ್ರಿ ಅಂಗಳದ ತುದಿಯಲ್ಲಿ ನಿಂತು ಎಷ್ಟನೆಯದು ಕಾಣುತ್ತದೆ ನೋಡಿ.

ಮಂಜು ಬಿದ್ದ ರಾತ್ರಿ ಇನ್ನೊಮ್ಮೆ ನೋಡಿ. ಆಗುಂಬೆ ಕಡೆಯವರಿಗೆ ಈ ಮಾತು ಹೇಳುವುದೇ ಬೇಡ. ಬ್ಯಾಟ್ರಿಯನ್ನು ಕಣ್ಣಿನ ಪಕ್ಕ ಹಿಡಿದರೆ ಎದುರಿಗೆ ಬಿಳಿ ಗೋಡೆ ಎದ್ದಂತಾಗುತ್ತದೆ. ಮಂಜಿನ ಹನಿಗಳು ಬೆಳಕನ್ನು ತಿರುಗಿ ಕಣ್ಣಿಗೇ ಎಸೆಯುತ್ತವೆ. ಸೊಂಟದ ಮಟ್ಟಕ್ಕೆ ಇಳಿಸಿ ಹಿಡಿಯಿರಿ, ದಾರಿ ಕಾಣುತ್ತದೆ.

ಪಕ್ಕದ ದೀಪ

ಅಂಗಡಿಯಲ್ಲಿ ಎಲ್ಲರೂ ದೂರದ ದೀಪವನ್ನೇ ಹಾಕಿ ನೋಡುತ್ತಾರೆ. ಎದುರಿನ ಕಟ್ಟಡಕ್ಕೆ ಹೊಡೆದು "ಏನ್ ಬೆಳಕು ಮಾರಾಯ" ಅನ್ನುತ್ತಾರೆ. ಮನೆಗೆ ತಂದ ಮೇಲೆ ದಿನಾ ಉರಿಯುವುದು ಪಕ್ಕದ್ದು. ಶರಾವತಿಯ ಕರೆಂಟು ನಾಡಿಗೆಲ್ಲ ಹೋಗುತ್ತದೆ, ನಮ್ಮಲ್ಲಿ ಗಾಳಿ ಬೀಸಿದರೆ ಎರಡು ದಿನ ಕತ್ತಲೆ. ಆಗ ಊಟಕ್ಕೆ, ಕೊಟ್ಟಿಗೆಗೆ, ಅಡಿಕೆ ಸುಲಿಯುವುದಕ್ಕೆ ಎಲ್ಲದಕ್ಕೂ ಅದೇ. ಅದಕ್ಕೇ ಹೆಚ್ಚು ಹೊತ್ತು ಇದನ್ನೇ ಪರೀಕ್ಷಿಸಿ.

ಬ್ಯಾಟ್ರಿ ಆರಿರುವಾಗ ಪಕ್ಕದ ದೀಪ ನೇರವಾಗಿ ಹೊತ್ತುತ್ತದಾ? ಕೆಲವದರಲ್ಲಿ ಒಂದೇ ಗುಂಡಿ. ಮೊದಲು ದೂರದ್ದು ಜೋರು, ಆಮೇಲೆ ಮಂದ, ಆಮೇಲೆ ಮಿಣುಕು, ನಾಲ್ಕನೇ ಒತ್ತಿಗೆ ಪಕ್ಕದ್ದು. ನಡುರಾತ್ರಿ ಮಗುವಿನ ಪಕ್ಕ ಹಾಗೆ ಒತ್ತುತ್ತಾ ಕೂತರೆ ಮನೆಯವರೆಲ್ಲ ಏಳುತ್ತಾರೆ. ಕಣ್ಣು ಮುಚ್ಚಿ, ಕೈ ಒದ್ದೆ ಮಾಡಿಕೊಂಡು ಹತ್ತು ಸಲ ಹಾಕಿ ಆರಿಸಿ. ಎರಡು ಸಲಕ್ಕಿಂತ ಜಾಸ್ತಿ ತಪ್ಪಿದರೆ ಅದು ನಿಮಗಲ್ಲ.

ಆಮೇಲೆ ಬಣ್ಣ. ಬಾಳೆಲೆ ಚೂರಿನ ಮೇಲೆ ಚಿಟಿಕೆ ಕುಂಕುಮ ಇಟ್ಟು ಬೆಳಕು ಬಿಡಿ. ಕೆಂಪು ಕೆಂಪಾಗಿಯೇ ಕಂಡರೆ ಒಳ್ಳೆ ದೀಪ. ಮಣ್ಣಿನ ಬಣ್ಣ ಕಂಡರೆ ಆ ಬೆಳಕಿನಲ್ಲಿ ಕೆಂಪಿನ ಪಾಲು ಕಡಿಮೆ. ಅದರಲ್ಲಿ ಹಣ್ಣಡಿಕೆಯನ್ನೂ ಕಾಯಿಯನ್ನೂ ಬೇರೆ ಮಾಡಲು ಕೂತರೆ ಬೆಳಿಗ್ಗೆ ಮತ್ತೆ ಆರಿಸಬೇಕು.

ಕೆಂಪು ದೀಪದ ಆಯ್ಕೆ ಇದ್ದರೆ ಆಟದ ಸಾಮಾನು ಅಂತ ತಳ್ಳಿಹಾಕಬೇಡಿ. ಮೊದಲ ಮಳೆಗೆ ರೆಕ್ಕೆ ಹುಳ ಏಳುವ ರಾತ್ರಿ, ಬಿಳಿ ದೀಪದಡಿ ಉಂಡರೆ ಅನ್ನಕ್ಕಿಂತ ಹುಳವೇ ಜಾಸ್ತಿ. ಕೆಂಪಿಗೆ ಅವು ಅಷ್ಟಾಗಿ ಬರುವುದಿಲ್ಲ. ಕತ್ತಲಿಗೆ ಹೊಂದಿಕೊಂಡ ಕಣ್ಣೂ ಕೆಡುವುದಿಲ್ಲ.

ಒಂದು ಎಚ್ಚರಿಕೆ. ಕೆಲವದರಲ್ಲಿ ಎರಡೂ ದೀಪ ಒಟ್ಟಿಗೆ ಹೊತ್ತುತ್ತವೆ. ನೋಡಲು ಜೋರು, ನಡೆಯಲು ದಂಡ. ಪಕ್ಕದ ಬೆಳಕು ನಿಮ್ಮ ಕಣ್ಣಿಗೇ ಬಿದ್ದು ಪಾಪೆ ಕುಗ್ಗುತ್ತದೆ, ದೂರದ್ದು ಮಂಕಾಗಿ ಕಾಣುತ್ತದೆ. ಹಿಂಬದಿಯಲ್ಲಿ ಅಯಸ್ಕಾಂತ ಇದ್ದರೆ ಟಿಲ್ಲರಿಗೆ ಅಂಟಿಸಿ ನೋಡಿ. ಎಂಜಿನ್ ಶುರು ಮಾಡಿ ಐದು ನಿಮಿಷ ಬಿದ್ದಿಲ್ಲ ಅಂದರೆ ಪಾಸು.

ಎಷ್ಟು ಹೊತ್ತು ಉರಿಯುತ್ತದೆ

ಮೊಬೈಲಿಗೆ ಬೆಳಕು ಅಳೆಯುವ ಲಕ್ಸ್ ಮೀಟರ್ ಆ್ಯಪ್ ಹಾಕಿಕೊಳ್ಳಿ. ಬಿಳಿ ಗೋಡೆಯ ಕತ್ತಲೆ ಕೋಣೆಯಲ್ಲಿ ಬ್ಯಾಟ್ರಿಯನ್ನು ಗೋಡೆಗೆ ಮುಖ ಮಾಡಿ ಇಡಿ. ಮೊಬೈಲನ್ನು ಪಕ್ಕದಲ್ಲಿ ಪರದೆ ಗೋಡೆಯ ಕಡೆ ಇರುವ ಹಾಗೆ ನಿಲ್ಲಿಸಿ, ಬೆಳಕು ಗ್ರಹಿಸುವ ಕಣ್ಣು ಇರುವುದು ಆ ಬದಿಯಲ್ಲೇ. ಎರಡನ್ನೂ ಅಲ್ಲಾಡಿಸಬೇಡಿ. ಹತ್ತು ನಿಮಿಷಕ್ಕೊಮ್ಮೆ ಅಂಕಿ ಬರೆದುಕೊಳ್ಳಿ. ಮೊದಲ ಕೆಲವು ನಿಮಿಷದಲ್ಲಿ ಅಂಕಿ ಧಡಕ್ಕನೆ ಇಳಿದರೆ ಮೋಸ ಅಂತ ತಿಳಿಯಬೇಡಿ. ದೀಪ ಬಿಸಿಯಾಗುತ್ತದೆ, ಸುಟ್ಟುಹೋಗದಿರಲಿ ಅಂತ ಒಳಗಿನ ಸರ್ಕಿಟ್ಟೇ ಇಳಿಸುತ್ತದೆ. ಇಳಿದ ಮೇಲೆ ಎಲ್ಲಿ ನಿಲ್ಲುತ್ತದೋ ಅದೇ ನಿಮ್ಮ ಬ್ಯಾಟ್ರಿಯ ನಿಜವಾದ ಬೆಳಕು. ಡಬ್ಬಿಯ "ಆರು ಗಂಟೆ" ಅನ್ನುವುದು, ಅದೇ ಎಫ್‌ಎಲ್1 ಪ್ರಕಾರ, ಬೆಳಕು ಹತ್ತರಲ್ಲಿ ಒಂದು ಪಾಲಿಗೆ ಇಳಿಯುವವರೆಗಿನ ಲೆಕ್ಕ. ಅರ್ಧಕ್ಕೆ ಇಳಿದ ಸಮಯವನ್ನು ನೀವೇ ಗುರುತು ಹಾಕಿ.

ನೀರು

ನೀರನ್ನು ಎಷ್ಟು ತಡೆಯುತ್ತದೆ ಅನ್ನುವ ಗುರುತು ಡಬ್ಬಿಯ ಮೇಲಿರುತ್ತದೆ. ಐಪಿಎಕ್ಸ್4 ಅಂದರೆ ಎರಚಲು ತಡೆಯುತ್ತದೆ. ಐಪಿಎಕ್ಸ್7 ಅಂದರೆ ಒಂದು ಮೀಟರ್ ನೀರಲ್ಲಿ ಅರ್ಧ ಗಂಟೆ. ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಸುರಿಯುವ ಆಗುಂಬೆ ಕಡೆಗೆ ನಾನಾದರೆ ಎರಡನೆಯದನ್ನೇ ಆರಿಸುತ್ತೇನೆ. ಬಕೆಟ್ ಪರೀಕ್ಷೆ ಮಾಡುವುದಾದರೆ ವಾಪಸ್ ಕೊಡುವ ಅವಧಿ ಮುಗಿಯುವ ಮುಂಚೆ ಮಾಡಿ. ಚಾರ್ಜಿಂಗ್ ಕಿಂಡಿಯ ರಬ್ಬರ್ ಒತ್ತಿದ್ದೀರಾ ಅಂತ ಎರಡು ಸಲ ನೋಡಿ. ಬಿಸಿಯಾದ ಬ್ಯಾಟ್ರಿಯನ್ನು ತಣ್ಣೀರಿಗೆ ಹಾಕಿದರೆ ಒಳಗಿನ ಗಾಳಿ ಕುಗ್ಗಿ, ಸಣ್ಣ ಸಂದಿಯಿದ್ದರೂ ನೀರನ್ನು ಎಳೆದುಕೊಳ್ಳುತ್ತದೆ. ಮಳೆಯಲ್ಲಿ ಆಗುವುದೂ ಅದೇ. ಆದ್ದರಿಂದ ಐಪಿಎಕ್ಸ್7 ಅಂತ ಬರೆದಿದ್ದರೆ ಹತ್ತು ನಿಮಿಷ ಉರಿಸಿ ಮುಳುಗಿಸಿ. ಬೆಳಿಗ್ಗೆ ಗಾಜಿನ ಒಳಗೆ ಬೆವರು ಕಂಡರೆ ವಾಪಸ್.

ಎಲ್ಲ ಪಾಸಾಯಿತಾ? ಗೂಟಕ್ಕೆ ನೇತುಹಾಕುವ ಮುಂಚೆ ಹಿಂದಿನ ಮುಚ್ಚಳ ಕಾಲು ಸುತ್ತು ಸಡಿಲ ಮಾಡಿ. ಹೆಚ್ಚಿನವುಗಳಲ್ಲಿ ಅಷ್ಟಕ್ಕೇ ಸಂಪರ್ಕ ತಪ್ಪುತ್ತದೆ. ಚೀಲದಲ್ಲಿ ತಾನಾಗಿ ಹೊತ್ತುವುದಿಲ್ಲ, ಸುಮ್ನೆ ಇದ್ದಾಗ ಚಾರ್ಜ್ ಸೋರುವುದಿಲ್ಲ. ಆದರೆ ಇದನ್ನು ಮನೆಯವರಿಗೆಲ್ಲ ಹೇಳಿಡಿ. ನಾನು ಹೇಳಿರಲಿಲ್ಲ. ಮಾರನೇ ದಿನ ಕೊಟ್ಟಿಗೆಯಿಂದ ಕೂಗು ಬಂತು: "ನಿಮ್ಮ ಹೊಸ ಬ್ಯಾಟ್ರಿಯೂ ಹೋಯ್ತು!"